ಕಣ್ಣು ಬಿಡಿಸದ ಅಮ್ಮ

ಕಂತು ಒಂಬತ್ತು

“ಆ ಬಟ್ಟೆ ಇಲ್ಲಿ ಕೊಡಿ ಭಟ್ರೆ.”

ಮಹೇಶ್ವರ ಭಟ್ಟರು ಮೂರ್ತಿ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೂವಿನ ಬುಟ್ಟಿಯ ಅಡಿಗೆ ತುರುಕುವುದರಲ್ಲಿದ್ದರು. ಹೊಸ್ತಿಲ ಹೊರಗಿನಿಂದ ತೀರ್ಥರಾಮ ಗೌಡರ ದನಿ ಕೇಳಿದ್ದೇ ಅವರ ಕೈ ಅಲ್ಲಿಗೇ ನಿಂತಿತು.

“ಇದೆಂತಕ್ಕೆ ನಿಮಗೆ? ಎಣ್ಣೆ ಜಿಡ್ಡು. ಕೈಗೆಲ್ಲ ಆದೀತು.”

“ಆಗ್ಲಿ. ಕೊಡಿ.”

ಭಟ್ಟರು ಬಟ್ಟೆಯನ್ನು ಮೇಲಿನಿಂದ ಗೌಡರ ಅಂಗೈಗೆ ಬಿಟ್ಟರು. ಗೌಡರು ಅದನ್ನು ಅಂಗಳದ ಬಿಸಿಲಿಗೆ ತಂದು ಬಿಡಿಸಿದರು. ಮಧ್ಯಾಹ್ನದ ಪೂಜೆ ಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ, ಎಣ್ಣೆ ಇನ್ನೂ ಹಸಿಯಾಗಿತ್ತು.

ಬಟ್ಟೆಯ ನಡುವೆ ಹಳದಿ ಬಣ್ಣ ಹರಡಿಕೊಂಡಿತ್ತು.

“ಅರಿಶಿನ ಇರ್ಬಹುದು,” ಎಂದರು ಭಟ್ಟರು, ಕೇಳುವ ಮೊದಲೇ.

ಗೌಡರು ಮೂಸಿ ನೋಡಿದರು. ಅರಿಶಿನ ಅಲ್ಲ. ಮೂವತ್ತೊಂದು ವರ್ಷ ಫಾರೆಸ್ಟ್ ಇಲಾಖೆಯಲ್ಲಿ ಸವೆಸಿ ರೇಂಜರ್ ಆಗಿ ಪೆನ್ಶನ್ ಪಡೆದ ಮನುಷ್ಯನಿಗೆ ಅಷ್ಟು ಗೊತ್ತಾಗದಿದ್ದರೆ ಆ ಖಾಕಿ ತೊಟ್ಟದ್ದೇ ದಂಡ. ಹೊಸದಾಗಿ ಕಡಿದ ಹಲಸಿನ ತಿರುಳು ಹೀಗೆ ಹಳದಿ ಬಿಡುತ್ತದೆ. ಹತ್ತಾರು ವರ್ಷ ಕಳೆದ ಹಲಸು ಕಂದಾಗಿ, ಆಮೇಲೆ ಕಪ್ಪಾಗಿ ಸುಮ್ಮನಾಗುತ್ತದೆ, ಎಷ್ಟು ಒರೆಸಿದರೂ ಬಣ್ಣ ಬಿಡುವುದಿಲ್ಲ. ಕುಕ್ಕುಡೇಲಿನ ಮಹಿಷಮರ್ದಿನಿಯನ್ನು ಕೆತ್ತಿ ಎಂಬತ್ತು ವರ್ಷವಾದರೂ ಆಗಿರಬೇಕು.

“ಭಟ್ರೆ, ನೀವು ಒರೆಸಿದ ಬಟ್ಟೆಗೆ ಯಾವಾಗಲೂ ಎಂತ ಬಣ್ಣ ಆಗುದು?”

“ಕಪ್ಪು. ದೀಪದ ಮಸಿ ಅಲ್ವಾ?” ಎಂದರು ಭಟ್ಟರು. ಆಮೇಲೆ ತಡೆದು ಹೇಳಿದರು, “ನಾನು ಎಂತದೂ ತಪ್ಪು ಮಾಡಿಲ್ಲ ಗೌಡ್ರೆ. ಮರದ ಅಮ್ಮ. ನಲವತ್ತು ವರ್ಷದಲ್ಲಿ ಒಂದು ಹನಿ ನೀರು ಮುಟ್ಟಿಸಿದವನಲ್ಲ. ಅಭಿಷೇಕ ಎಲ್ಲ ಕನ್ನಡಿಯಲ್ಲಿ ಕಾಣುವ ಬಿಂಬಕ್ಕೆ. ದೀಪ ಒಂದು ಮೊಳ ದೂರ. ಹಬ್ಬಕ್ಕೆ, ಅಮಾಸೆಗೆ ಒಣ ಬಟ್ಟೆ, ವರ್ಷಕ್ಕೊಂದು ಸಲ ಎಳ್ಳೆಣ್ಣೆ, ಅದು ಇವತ್ತು. ಹೋದ ವರ್ಷ ಕುಟ್ಟೆ ಹುಳ ಹಿಡಿದು ಬೆನ್ನಿನಿಂದ ಹುಡಿ ಬೀಳ್ತಿತ್ತು, ಅದೂ ನೀವು ಕೊಟ್ಟ ಎಣ್ಣೆ ಹಚ್ಚಿದ ಮೇಲೆ ನಿಂತಿತು. ನಿಮ್ಮಿಂದ ದೊಡ್ಡ ಉಪಕಾರ ಆಯ್ತು.”

ಗೌಡರಿಗೆ ಆ ಮಾತು ಹಿತವಾಗಿಯೇ ಕೇಳಿಸಿತು. ಹೊಗಳಿಕೆಗೆ ಕಿವಿ ಕೊಡದ ಮನುಷ್ಯ ಅವರಲ್ಲ.

“ಆ ಅಭಿಷೇಕದ ಕನ್ನಡಿ ತನ್ನಿ,” ಎಂದರು.

ಶೂದ್ರರು ಗರ್ಭಗುಡಿಯೊಳಗೆ ಕಾಲು ಇಡುವ ಹಾಗಿಲ್ಲ, ದೀಪವನ್ನು ಮರದ ಮೂರ್ತಿಯ ಮುಖಕ್ಕೆ ಹಿಡಿಯುವ ಹಾಗೂ ಇಲ್ಲ. ಬಿಸಿಲಿಗೆ ಮಾತ್ರ ಯಾವ ಮಡಿಯೂ ಇಲ್ಲವಲ್ಲ. ಭಟ್ಟರು ಕತ್ತಲೆಯಲ್ಲಿ ಕೈ ಹಾಕಿದಲ್ಲೇ ಕನ್ನಡಿ ಸಿಕ್ಕಿತು. ಗೌಡರು ಅದನ್ನು ಅಂಗಳದಲ್ಲಿ ಓರೆ ಮಾಡಿ ಹಿಡಿದು ಬೆಳಕನ್ನು ಒಳಗೆ ಹಾಯಿಸಿದರು. ಬೆಳಕಿನ ತುಂಡು ಹೊಸ್ತಿಲು ದಾಟಿ, ಪೀಠ ಹತ್ತಿ, ಅಮ್ಮನ ಮುಖಕ್ಕೆ ಬಂದು ನಿಂತಿತು.

ಹೂವಿಲ್ಲ, ಗಂಧವಿಲ್ಲ, ಬರೀ ಮರ. ಮೂಗು, ತುಟಿ, ಹುಬ್ಬು ಎಲ್ಲ ತೂಗಿ ಇಟ್ಟ ಹಾಗೆ ಸರಿಯಾಗಿತ್ತು. ಕಣ್ಣಿನ ಜಾಗದಲ್ಲಿ ಮಾತ್ರ ರೆಪ್ಪೆಯ ಅಂಚು ತೋರಿಸಿ ಉಳಿ ಹಿಂದೆ ಸರಿದಿತ್ತು. ಗುಡ್ಡೆ ನುಣ್ಣಗಿತ್ತು. ಚಿನ್ನದ ತಗಡು ಕೂರಬೇಕಾದ ಗುಳಿ ಇಲ್ಲ, ಕಿತ್ತವನ ಉಗುರಿನ ಗೀರೂ ಇಲ್ಲ.

ಕಳೆದ ಶುಕ್ರವಾರ ಇದೇ ಅಂಗಳದಲ್ಲಿ, ಅಮ್ಮನ ಎರಡು ಚಿನ್ನದ ಕಣ್ಣು ಕದ್ದವನು ವೆಂಕಪ್ಪ ಆಚಾರಿ ಎಂದು ಹತ್ತು ಸಮಸ್ತರ ಎದುರಿಗೆ ಬೆರಳು ತೋರಿಸಿದವರು ಈ ಗೌಡರೇ.

ಇಲ್ಲಿ ಕಣ್ಣು ಕಿತ್ತವರು ಯಾರೂ ಇಲ್ಲ. ಈ ಮೂರ್ತಿಗೆ ಕಣ್ಣು ಬಿಡಿಸಿಯೇ ಇಲ್ಲ.

“ಭಟ್ರೆ, ಇದು ನಮ್ಮ ಅಮ್ಮ ಅಲ್ಲ.”

ಭಟ್ಟರು ಕಂಬ ಹಿಡಿದು ಮೆಲ್ಲನೆ ಕೂತರು. “ನನ್ನ ಕಣ್ಣಿಗೆ ಪೊರೆ ಬಂದು ಎರಡು ವರ್ಷ ಆಯ್ತು,” ಎಂದರು ಆಮೇಲೆ. “ಸೊಸೆ ಶಂಕರಿ ಹೆತ್ತು ನನಗೆ ಹತ್ತು ದಿನ ಅಮೆ, ಗುಡಿಗೆ ಬರುವ ಹಾಗಿಲ್ಲ. ಪಂಜದಿಂದ ಬಂದ ಭಟ್ಟ ಪೂಜೆ ಮಾಡಿದ್ದು, ಅವನಿಗೆ ಹೊಸತು ಹಳತು ಎಂತ ಗೊತ್ತು? ನಾನು ಬಂದು ಮುಟ್ಟಿ ನೋಡಿದೆ, ಕಣ್ಣಿಲ್ಲ. ಕೂಗಿದೆ. ಅಷ್ಟೇ ನನಗೆ ಗೊತ್ತಿರುದು.”

ಗೌಡರು ಕೇಳಿಸಿಕೊಳ್ಳುತ್ತಿರಲಿಲ್ಲ. ಅವರ ಮನಸ್ಸು ಶುಕ್ರವಾರಕ್ಕೆ ಹೋಗಿತ್ತು.

ಆ ಅಮೆಯ ದಿನಗಳಲ್ಲೇ ಗರ್ಭಗುಡಿಯ ಬಾಗಿಲಿನ ದಾರಂದ ರಿಪೇರಿಗೆ ಬಂದವನು ಆಚಾರಿ. ಪೂಜೆಯ ಭಟ್ಟನನ್ನು ಬಿಟ್ಟರೆ ಬೇರೆ ಯಾರೂ ಒಳಗೆ ಹೋಗಿಲ್ಲ. ಸಂಶಯ ಅವನ ಮೇಲೆ ಬಂದದ್ದು ಸಹಜ. ಆದರೆ ಗೌಡರಿಗೆ ಸಂಶಯ ಸಾಕಾಗಲಿಲ್ಲ, ಊರಿನವರು ಬಾಯಿ ಬಿಟ್ಟು ನೋಡುವಂಥ ಒಂದು ಗತ್ತು ಬೇಕಿತ್ತು. ಭಟ್ಟರ ಕೈಯಲ್ಲಿ ಮೂರ್ತಿಯನ್ನು ಹೊರಗಿನ ಮಂಟಪಕ್ಕೆ ತರಿಸಿ, “ಕದ್ದಿಲ್ಲದಿದ್ರೆ ಅಮ್ಮನ ಪಾದ ಮುಟ್ಟಿ ಪ್ರಮಾಣ ಮಾಡು ಮಾರಾಯ” ಎಂದಿದ್ದರು.

ಆಚಾರಿ ಕೈ ಚಾಚಿದವನು ಅರ್ಧಕ್ಕೆ ಹಿಂದೆ ತೆಗೆದ. “ಇದನ್ನು ಮುಟ್ಟಿ ನಾನು ಪ್ರಮಾಣ ಮಾಡುದಿಲ್ಲ,” ಎಂದ.

ಮುಗಿಯಿತು. ಗೌಡರು ಮೀಸೆಯ ಮೇಲೆ ಕೈ ಇಟ್ಟು ಜನರ ಕಡೆ ತಿರುಗಿ, “ಇನ್ನೆಂತ ಸಾಕ್ಷಿ ಬೇಕು?” ಎಂದಿದ್ದರು. ಯಾರೋ ಉಗಿದರು. ಆಚಾರಿಯ ಹೆಗಲಿನ ಶಾಲನ್ನು ಯಾರೋ ಎಳೆದು ಕೆಳಗೆ ಹಾಕಿದರು.

ಅವನು ‘ಇದನ್ನು’ ಎಂದಿದ್ದ. ‘ಅಮ್ಮನನ್ನು’ ಎಂದಿರಲಿಲ್ಲ. ಆ ಒಂದು ಶಬ್ದ ಎಲ್ಲರ ಕಿವಿಗೂ ಬಿದ್ದಿತ್ತು, ಪತ್ತೇದಾರಿಕೆಯ ಹೆಮ್ಮೆ ಹೊತ್ತ ಗೌಡರ ಕಿವಿಗೂ ಬಿದ್ದಿತ್ತು. ಅದರ ಅರ್ಥ ಆಗಲು ಒಂದು ಕೊಳೆ ಬಟ್ಟೆ ಬೇಕಾಯಿತು.

ಗೌಡರಿಗೆ ಕಿವಿಯ ತುದಿಯವರೆಗೆ ಬಿಸಿ ಏರಿತು. ಕನ್ನಡಿಯನ್ನು ಮೆಟ್ಟಿಲ ಮೇಲಿಟ್ಟು ಚಪ್ಪಲಿ ಮೆಟ್ಟಿದರು.

“ಎಲ್ಲಿಗೆ ಗೌಡ್ರೆ? ನಾಲ್ಕು ಗಂಟೆಗೆ ಸಭೆ ಉಂಟು. ದಫೇದಾರರು ಬರ್ತಾರೆ. ದೂರಿಗೆ ನಿಮ್ಮದೇ ಮೊದಲ ರುಜು.”

“ಆಚಾರಿಯ ಕೊಟ್ಟಿಗೆಗೆ,” ಎಂದು ಹಿಂತಿರುಗಿ ನೋಡದೆ ನಡೆದರು.

*

ಅರಂತೋಡಿನ ರಸ್ತೆಗೆ ಇಳಿದರೆ ಆದಂ ಕುಂಞಿಯ ಅಂಗಡಿ. ತಪ್ಪಿಸಿ ಹೋಗಲು ಬೇರೆ ದಾರಿಯಿಲ್ಲ.

“ರೇಂಜರೇ, ಬನ್ನಿ, ಒಂದು ಚಾ ಕುಡಿದು ಹೋಗಿ. ಕಳ್ಳನನ್ನು ಒಂದೇ ಮಾತಿನಲ್ಲಿ ಹಿಡಿದ್ರಂತಲ್ಲ! ಸುಳ್ಯದವರೆಗೂ ಅದೇ ಸುದ್ದಿ.” ಆದಂ ಕುಂಞಿ ಗ್ಲಾಸು ತೊಳೆಯುತ್ತಲೇ ಹೇಳಿದ. “ನನ್ನ ಅಂಗಡಿಗೆ ಹೊಸ ಬಾಗಿಲು ಮಾಡ್ಲಿಕ್ಕೆ ಅವನಿಗೆ ಹೇಳಿದ್ದೆ. ಬೇಡ ಅಂತ ಮರ ವಾಪಸು ತಂದೆ. ಅವನ ಹೆಂಡತಿ ಅಂಗಳದಲ್ಲಿ ನಿಂತು ನೋಡ್ತಾ ಇದ್ದಳು, ಪಾಪ. ಒಂದು ಮಾತೂ ಆಡ್ಲಿಲ್ಲ.”

ಗೌಡರಿಗೆ ಚಾ ಬೇಡವಾಯಿತು. “ಆಮೇಲೆ ಬರ್ತೇನೆ,” ಎಂದು ಗೊಣಗಿ ಮುಂದೆ ಹೋದರು. ಇಲ್ಲೇ ಹೇಳಿಬಿಡಬಹುದಿತ್ತು, ತಪ್ಪಾಯಿತು ಎಂದು. ನಾಲಿಗೆ ಏಳಲಿಲ್ಲ. ಒಬ್ಬನನ್ನು ಕಳ್ಳ ಎನ್ನುವಾಗ ದೇವಸ್ಥಾನದ ಅಂಗಳ ತುಂಬಿದ್ದ ದನಿ ಈಗ ಒಂದು ಚಾ ಅಂಗಡಿಗೂ ಸಾಲದಾಗಿತ್ತು.

ವೆಂಕಪ್ಪ ಆಚಾರಿಯ ಮರಗೆಲಸದ ಕೊಟ್ಟಿಗೆ, ಮನೆಗೆ ತಾಗಿಕೊಂಡು, ಪಯಸ್ವಿನಿ ಹೊಳೆಯ ದಡದ ಮೇಲೆ. ಯಾವಾಗಲೂ ಕೊಡತಿಯ ಸದ್ದಿರುವ ಜಾಗ ತಣ್ಣಗಿತ್ತು. ಆಚಾರಿ ಉಳಿಗಳನ್ನು ಒಂದೊಂದಾಗಿ ಒರೆಸಿ ಗೋಣಿಯ ತುಂಡಿನಲ್ಲಿ ಸುತ್ತುತ್ತಿದ್ದ. ಗೌಡರನ್ನು ಕಂಡು ಎದ್ದ, ಆದರೆ ಮಣೆ ಹಾಕಲಿಲ್ಲ.

“ಕುಳಿತುಕೊಳ್ಳಿ ಅಂತ ಹೇಳುದು ಹೇಗೆ ಗೌಡ್ರೆ? ಕಳ್ಳನ ಮನೆಯ ಮಣೆ.”

ಗೌಡರು ನಿಂತೇ ಬಟ್ಟೆ ತೋರಿಸಿದರು. “ಗುಡಿಯಲ್ಲಿ ಇರುದು ನಿನ್ನ ಕೈಕೆಲಸ.”

ಆಚಾರಿ ಹಳದಿ ಕಲೆಯನ್ನು ನೋಡಿದ. ಮುಖದಲ್ಲಿ ಹೆದರಿಕೆ ಬರಲಿಲ್ಲ.

“ಹೌದು. ಹಳೆಯ ಅಮ್ಮನನ್ನು ಕೆತ್ತಿದ ಅಜ್ಜನ ಅಳತೆ ಕೋಲು ಮನೆಯಲ್ಲೇ ಉಂಟು. ಏಳು ದಿನ ಹಿಡೀತು.”

“ಶುಕ್ರವಾರ ಯಾಕೆ ಹೇಳ್ಲಿಲ್ಲ?”

“ನೀವು ಕೇಳಿದ್ದು ಕಣ್ಣು ಕದ್ದಿಯಾ ಅಂತ. ಇಲ್ಲ ಅಂದೆ. ಮೂರ್ತಿ ಯಾವುದು ಅಂತ ಯಾರೂ ಕೇಳ್ಲಿಲ್ಲ.”

“ಪಾದ ಮುಟ್ಟಿ ಒಂದು ಪ್ರಮಾಣ ಮಾಡಿದ್ರೆ ಅಲ್ಲಿಗೇ ಬಿಡ್ತಿದ್ದೆವಲ್ಲ!”

“ಎಂತದನ್ನು ಮುಟ್ಟಿ?” ಆಚಾರಿಯ ದನಿ ಮೊದಲ ಸಲ ಏರಿತು. “ನಾನು ಕೆತ್ತಿದ ಕೊರಡನ್ನಾ? ಪೂಜೆಗೆ ಅಲ್ಲದ ಮೂರ್ತಿಗೆ ನಾವು ಕಣ್ಣು ಬಿಡಿಸುದಿಲ್ಲ. ಕಣ್ಣು ಬಿಡಿಸದಿದ್ರೆ ಅದು ಮರ. ಮರದ ಎದುರು ಎಷ್ಟು ಸುಳ್ಳು ಬೇಕಾದ್ರೂ ಹೇಳ್ಬಹುದು. ಕದ್ದವನಾಗಿದ್ರೆ ಎರಡು ಕೈಯಲ್ಲಿ ಹಿಡಿದು ಪ್ರಮಾಣ ಮಾಡಿ ಮನೆಗೆ ಬಂದು ಊಟ ಮಾಡ್ತಿದ್ದೆ. ನನ್ನಿಂದ ಆಗ್ಲಿಲ್ಲ. ಹತ್ತು ಜನ ಅದನ್ನು ಅಮ್ಮ ಅಂತ ನಂಬಿ ನಿಂತಿದ್ರು. ಅವರ ಎದುರು ಆ ನಾಟಕ ಮಾಡ್ಲಿಕ್ಕೆ ಕೈ ಬರ್ಲಿಲ್ಲ.”

ಗೌಡರು ತಲೆ ತಗ್ಗಿಸಿದರು. ಸತ್ಯ ಹೇಳಿದ್ದಕ್ಕೇ ಈ ಮನುಷ್ಯನ ಮುಖಕ್ಕೆ ಊರು ಉಗಿದಿತ್ತು. ಉಗಿಸಿದ್ದು ತಾನು.

“ಹಳೆಯ ಅಮ್ಮನಿಗೆ ಎಂತ ಆಯ್ತು? ಯಾಕೆ ಬದಲು ಮಾಡಿದ್ದು?”

“ಅದೊಂದು ಕೇಳ್ಬೇಡಿ.”

“ಕೇಳ್ಲೇಬೇಕು. ಯಾರು ಹೇಳಿ ಮಾಡ್ಸಿದ್ದು?”

ಆಚಾರಿ ಉಳಿಯ ಅಲಗನ್ನು ಹೆಬ್ಬೆರಳಿನಿಂದ ಸವರಿದ. “ನಿಮ್ಮ ಭಾವ. ಮೊಕ್ತೇಸರ್ರು.”

ಧರ್ಮಪಾಲ ಗೌಡರು! ಅಕ್ಕ ಕಮಲಾವತಿಯ ಗಂಡ. ಶುಕ್ರವಾರ ಮುಂದಿನ ಸಾಲಿನಲ್ಲಿ ಕೂತು, ಆಚಾರಿಗೆ ಅಷ್ಟೆಲ್ಲ ಆಗುವಾಗ ನೆಲ ನೋಡುತ್ತಿದ್ದ ಮನುಷ್ಯ. ಗೌಡರ ತಲೆಯಲ್ಲಿ ಒಮ್ಮೆಲೇ ಹತ್ತು ಲೆಕ್ಕಾಚಾರ ಓಡಿತು. ನಿಜ ಹೇಳಬೇಕೆಂದರೆ ಅವರಿಗೆ ಸ್ವಲ್ಪ ಸಮಾಧಾನವೂ ಆಯಿತು. ತಪ್ಪನ್ನು ಹೊರಿಸಲು ಇನ್ನೊಂದು ಹೆಗಲು ಸಿಕ್ಕಿತಲ್ಲ.

“ಅಂದ್ರೆ ಭಾವನಿಗೆ ಚಿನ್ನದ ಮೇಲೆ ಕಣ್ಣು!”

“ಛೆ, ಅಲ್ಲ,” ಎಂದ ಆಚಾರಿ ಗಾಬರಿಯಿಂದ. “ಹಾಗೆ ಹೇಳ್ಬೇಡಿ. ಅವರು ನಿಮ್ಮ...” ಮಾತು ನುಂಗಿದ.

“ನನ್ನ? ಹೇಳು.”

ಆಚಾರಿ ಗೋಡೆಯ ಗೂಡಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಗೌಡರ ಕೈಗೆ ಕೊಟ್ಟ. ಒಳಗೆ ಹಳೆಯ ಬಣ್ಣದ ಹಕ್ಕಳೆ, ಕೆಂಪು, ಹೊರಬದಿ ಸುಟ್ಟ ಹಾಗೆ ಕಪ್ಪು. ಮೂರ್ತಿಯ ಬೆನ್ನಿನಿಂದ ಎದ್ದು ಬಂದದ್ದು.

ಗೌಡರು ಅದನ್ನು ಮೂಗಿನ ಹತ್ತಿರ ತಂದರು.

ಆ ವಾಸನೆಗೆ ಸಾಕ್ಷಿ ಬೇಕಿರಲಿಲ್ಲ. ಗೇರೆಣ್ಣೆ. ಗೇರುಬೀಜದ ಸಿಪ್ಪೆಯ ಕಪ್ಪು ಎಣ್ಣೆ, ಕೈಗೆ ತಾಗಿದರೆ ಬೊಬ್ಬೆ ಏಳುವಂಥದ್ದು. ಮಾಡಿನ ಪಕ್ಕಾಸಿಗೆ, ಬೇಲಿಯ ಗೂಟಕ್ಕೆ ಗೆದ್ದಲು ಹಿಡಿಯದ ಹಾಗೆ ಬಳಿಯುವುದು. ಹೋದ ವರ್ಷ ಅಮ್ಮನ ಬೆನ್ನಿಗೆ ಕುಟ್ಟೆ ಎಂದಾಗ, “ಆಚಾರಿಯನ್ನು ಕರೆಸುದು ಎಂತಕ್ಕೆ? ಮರದ ವಿಷಯ ನನಗೆ ಗೊತ್ತಿಲ್ವಾ?” ಎಂದು ಒಂದು ಡಬ್ಬಿ ತುಂಬಿಸಿ, “ಇಡೀ ಬೆನ್ನಿಗೆ ದಪ್ಪ ಬಳಿಯಿರಿ ಭಟ್ರೆ” ಎಂದು ಕೊಟ್ಟವರು ತೀರ್ಥರಾಮ ಗೌಡರು.

ಬೇಲಿಯ ಗೂಟಕ್ಕೆ ಬಳಿಯುವುದನ್ನು ದೇವರ ಬೆನ್ನಿಗೆ ಬಳಿಸಿದ್ದರು.

ಹಕ್ಕಳೆ ಗೌಡರ ಕೈಯಿಂದ ನೆಲಕ್ಕೆ ಬಿತ್ತು. ಕೂರಲು ಯಾರೂ ಹೇಳದಿದ್ದರೂ ಮರದ ದಿಮ್ಮಿಯ ಮೇಲೆ ಕೂತುಬಿಟ್ಟರು.

“ದಾರಂದ ಬಿಚ್ಚುವಾಗ ಪೀಠ ಸರಿಸ್ಬೇಕಾಯ್ತು,” ಆಚಾರಿ ಮೆಲ್ಲಗೆ ಹೇಳತೊಡಗಿದ. “ಬೆನ್ನಿಗೆ ಕೈ ಇಟ್ಟೆ, ಬಣ್ಣ ಚರ್ಮದ ಹಾಗೆ ಕೈಗೆ ಬಂತು. ಮೊಕ್ತೇಸರರನ್ನು ಕರೆಸಿ ತೋರಿಸಿದೆ. ಅವರು ಅತ್ತುಬಿಟ್ರು. ‘ಇದು ಊರಿಗೆ ಗೊತ್ತಾದ್ರೆ ತೀರ್ಥರಾಮ ತಲೆ ಎತ್ತಿ ನಡೀಲಿಕ್ಕಿಲ್ಲ, ಅವನ ಅಕ್ಕ ಹಾಸಿಗೆ ಹಿಡಿದಾಳು’ ಅಂದ್ರು. ಹದಿನೈದು ದಿನ ಕೊಡಿ, ಬೆನ್ನು ಸರಿ ಮಾಡ್ತೇನೆ, ಅಷ್ಟು ದಿನಕ್ಕೆ ಒಂದು ಮರ ಇಟ್ಟಿರುವ ಅಂತ ನಾನೇ ಹೇಳಿದ್ದು. ಚಿನ್ನದ ಕಣ್ಣು ಅಮ್ಮನ ಮುಖದಲ್ಲೇ ಉಂಟು. ಜೀವ ಇರುವ ಮೂರ್ತಿಯ ಕಣ್ಣು ಕೀಳ್ಲಿಕ್ಕೆ ಆಗ್ತದಾ? ಗಂಧ, ಹೂವು ಇರುವಾಗ ಯಾರು ನೋಡ್ತಾರೆ ಅಂತ ಇದ್ದೆ. ಭಟ್ರ ಕೈಗೆ ಗೊತ್ತಾಯ್ತು.”

“ನೀವು...” ಎಂದರು ಗೌಡರು. ಹುಟ್ಟಿದಂದಿನಿಂದ ಆಚಾರಿಗೆ ‘ನೀನು’ ಎಂದೇ ರೂಢಿಯಾದ ಬಾಯಿಗೆ ಆ ‘ನೀವು’ ತಾನಾಗಿ ಬಂದಿತ್ತು. “ನೀವು ಶುಕ್ರವಾರ ನನ್ನ ಹೆಸರು ಹೇಳಿ ಬಚಾವಾಗ್ಬಹುದಿತ್ತಲ್ಲ ಆಚಾರ್ರೆ.”

ಆಚಾರಿ ತಲೆ ಎತ್ತಿ ನೋಡಿದರು. “ಮಾತು ಕೊಟ್ಟಾಗಿತ್ತು.”

ಅಷ್ಟೇ. ಬೈಗುಳ ಬಂದಿದ್ದರೆ ಗೌಡರು ತಡೆದುಕೊಳ್ಳುತ್ತಿದ್ದರು. ಈ ಎರಡು ಶಬ್ದ ತಡೆಯಲಿಕ್ಕಾಗಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹೋದರೆ ಕೈಯಲ್ಲಿ ಅದೇ ಗೇರೆಣ್ಣೆಯ ವಾಸನೆ.

“ನಾಲ್ಕು ಗಂಟೆಗೆ ಸಭೆ,” ಎಂದು ಎದ್ದರು. “ನಾನೇ ಹೇಳ್ತೇನೆ. ಎಣ್ಣೆ ನನ್ನದು, ತಪ್ಪು ನನ್ನದು, ಆಚಾರ್ರ ಕಾಲು ಹಿಡೀತೇನೆ ಅಂತ ಅದೇ ಅಂಗಳದಲ್ಲಿ ಹೇಳ್ತೇನೆ. ಅಮ್ಮನನ್ನು ಎದುರಿಗೆ ಇಟ್ಟರೆ ಊರಿನವರ ಬಾಯಿ ಮುಚ್ತದೆ. ಎಲ್ಲಿ ಅಮ್ಮ?”

“ಅಟ್ಟದಲ್ಲಿ.”

ಆಚಾರಿಯ ಮುಖ ಶುಕ್ರವಾರದ ನಂತರ ಮೊದಲ ಸಲ ಸಡಿಲಾಯಿತು. ಏಣಿ ಹತ್ತಿ ಹಲಸಿನ ಪೆಟ್ಟಿಗೆಯೊಂದನ್ನು ಎರಡು ಕೈಯಲ್ಲಿ ತಬ್ಬಿ ಇಳಿಸಿದರು. ಅರ್ಧ ಏಣಿಯಲ್ಲಿ ಒಮ್ಮೆ ನಿಂತರು.

“ಎಂತ?”

“ಹಗುರ ಉಂಟು,” ಎಂದರು ಆಚಾರಿ.

ಪೆಟ್ಟಿಗೆಗೆ ಬೀಗ ಇರಲಿಲ್ಲ, ಅಮ್ಮನ ಮೇಲೆ ಬೀಗ ಹಾಕಲು ಅವರಿಗೆ ಮನಸ್ಸು ಬಂದಿರಲಿಲ್ಲ. ಗೌಡರೇ ಮುಚ್ಚಳ ಎತ್ತಿದರು. ಒಳಗೆ ಹುಳ ಬರದ ಹಾಗೆ ಹಾಸಿದ ಒಣ ಬೇವಿನ ಸೊಪ್ಪು, ಬಜೆಯ ಬೇರು, ಅದರ ಮೇಲೆ ಅಮ್ಮನಿಗೆ ಸುತ್ತಿದ್ದ ರೇಷ್ಮೆಯ ಕೆಂಪು ಪಟ್ಟೆ. ಪಟ್ಟೆಯನ್ನು ಯಾರೋ ನಾಲ್ಕು ಮಡಿಕೆ ಮಡಚಿ ಇಟ್ಟಿದ್ದರು.

ಅಮ್ಮ ಇರಲಿಲ್ಲ.

“ಮೊನ್ನೆ ಸಂಜೆ ಧೂಪ ತೋರಿಸಿದ್ದೆ,” ಎಂದರು ಆಚಾರಿ. “ನಿನ್ನೆ ಇಡೀ ದಿನ ಇಲ್ಲಿ ಯಾರೂ ಇರ್ಲಿಲ್ಲ. ಹೆಂಡತಿ ತವರಿಗೆ ಹೋದಳು, ಊರಿನಲ್ಲಿ ಮುಖ ತೋರಿಸ್ಲಿಕ್ಕೆ ಆಗುದಿಲ್ಲ ಅಂತ. ನಾನು ಪುತ್ತೂರಿನಲ್ಲಿ ವಕೀಲರ ಜಗಲಿಯಲ್ಲಿ ಕೂತಿದ್ದೆ.”

ಮನೆ ಖಾಲಿಯಾದದ್ದೂ ಗೌಡರ ಬೆರಳಿನಿಂದಲೇ. ಅವರು ಬಾಯಿ ತೆರೆಯುವ ಮೊದಲೇ ಹೊರಗೆ ಹೆಜ್ಜೆಗಳ ಸದ್ದು ಕೇಳಿತು.

ಗೌಡರು ಆಚಾರಿಯ ಕೊಟ್ಟಿಗೆಗೆ ಹೋಗಿದ್ದಾರೆ ಎಂದು ಭಟ್ಟರು ಹೇಳಿದ್ದೇ ತಡ, ಸಭೆಗೆ ಮೊದಲೇ ಬಂದು ಸೇರಿದ್ದವರೆಲ್ಲ ಚಿನ್ನ ಸಿಕ್ಕಿತೆಂದುಕೊಂಡು ಇತ್ತ ಹೊರಟಿದ್ದರು. ಮುಂದೆ ದಫೇದಾರ, ಪಕ್ಕದಲ್ಲಿ ಬಿಳುಚಿದ ಮುಖದ ಧರ್ಮಪಾಲ ಗೌಡರು, ಹಿಂದೆ ಹತ್ತಿಪ್ಪತ್ತು ಜನ. ಎಲ್ಲರಿಗಿಂತ ಹಿಂದೆ ಕೋಲೂರಿಕೊಂಡು ಭಟ್ಟರು.

ದಫೇದಾರ ಪೆಟ್ಟಿಗೆಗೆ ಕೈ ಹಾಕಿ ಕೆಂಪು ಪಟ್ಟೆ ಎತ್ತಿ ಹಿಡಿದ.

“ಇದು ಯಾರದ್ದು?”

“ಅಮ್ಮನದ್ದು!” ಎಂದು ಯಾರೋ ಕೂಗಿದರು. “ಪಟ್ಟೆಯನ್ನೂ ಕದ್ದಿದ್ದಾನೆ!”

ಆಚಾರಿ ಗೋಡೆಗೆ ಒರಗಿ ನಿಂತಿದ್ದರು. ಧರ್ಮಪಾಲ ಗೌಡರು ಏನೋ ಹೇಳಲು ಹೋಗಿ ಮೈದುನನ ಮುಖ ನೋಡಿ ಸುಮ್ಮನಾದರು.

ಗೌಡರಿಗೆ ಎಲ್ಲ ಸ್ಪಷ್ಟವಾಗಿ ಕಂಡಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ, ನಿಜವಾದ ಮೂರ್ತಿ ಕೊನೆಗೆ ಇದ್ದದ್ದು ಆಚಾರಿಯ ಅಟ್ಟದಲ್ಲಿ ಎಂದಾಗುತ್ತದೆ. ಕಣ್ಣಿನ ಕಳ್ಳ ಎನ್ನಿಸಿಕೊಂಡವರು ದೇವರ ಕಳ್ಳ ಎನ್ನಿಸಿಕೊಳ್ಳುತ್ತಾರೆ. ಈ ಜನರ ಎದುರಿಗೆ ತನ್ನ ತಪ್ಪೊಪ್ಪಿಗೆಯೇ ಆ ಮನುಷ್ಯನ ಕೈಗೆ ಬೇಡಿ ಹಾಕುತ್ತದೆ.

“ದೂರು ಬರೆದು ತಂದಿದ್ದೇನೆ,” ಎಂದ ದಫೇದಾರ. “ಗೌಡ್ರೆ, ನೀವು ರುಜು ಹಾಕಿದ್ರೆ ಇವನನ್ನು ಕರ್ಕೊಂಡು ಹೋಗ್ತೇನೆ.”

“ಅವರನ್ನು ಬಿಡಿ,” ಎಂದರು ಗೌಡರು. “ಶುಕ್ರವಾರ ನಾನು ಹೇಳಿದ್ದು ಸುಳ್ಳು. ಗುಡಿಯಲ್ಲಿ ಇರುದು ಬರೀ ಮರ. ಅಮ್ಮನ ನಿಜವಾದ ಮೂರ್ತಿ ರಿಪೇರಿಗೆ ಅಂತ ಈ ಪೆಟ್ಟಿಗೆಯಲ್ಲಿ ಇತ್ತು. ಅದನ್ನು ತೆಗೆದದ್ದು ನಾನು. ನನ್ನ ಮನೆಯಲ್ಲಿ ಉಂಟು.”

ಜನರ ಮುಖದಲ್ಲಿ ಶುಕ್ರವಾರ ಆಚಾರಿಗೆ ಸಿಕ್ಕಿದ ಅದೇ ನೋಟ ಕಾಣಿಸಿಕೊಂಡು ಮೆಲ್ಲಗೆ ಗೌಡರ ಕಡೆ ತಿರುಗಿತು. ಭಾವ ನಂಬಿದರು, ಬಾಯಿ ತೆರೆದೇ ಉಳಿಯಿತು. ಆಚಾರಿಯೂ ಒಂದು ಗಳಿಗೆ ನಂಬಿದ ಹಾಗೆ ಕಂಡಿತು. ಗೌಡರಿಗೆ ಉರಿಯಿತು, ಆದರೂ ಮುಖ ತಿರುಗಿಸದೆ ನಿಂತರು.

“ಸುಳ್ಳು ಹೇಳ್ಬೇಡಿ ಗೌಡ್ರೆ.”

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಮಹೇಶ್ವರ ಭಟ್ಟರು ಕೋಲನ್ನು ಬಾಗಿಲಿಗೆ ಒರಗಿಸಿ, ಪೊರೆ ಬಂದ ಕಣ್ಣುಗಳನ್ನು ನೇರ ಗೌಡರ ಮೇಲೆ ಇಟ್ಟಿದ್ದರು. ದನಿಯಲ್ಲಿ ಮಧ್ಯಾಹ್ನದ ಅಳುಕು ಚೂರೂ ಇರಲಿಲ್ಲ.

“ಅಮ್ಮ ನಿಮ್ಮ ಮನೆಯಲ್ಲಿ ಇಲ್ಲ. ಆ ಎಣ್ಣೆಯ ಕೈಗೆ ಇನ್ನೊಂದು ಸಲ ಅವಳನ್ನು ನಾನು ಕೊಡುದಿಲ್ಲ.”